‘ಅಣಬೆ ಬೀಜ’ವೋ, ‘ಅಣಬೆ ಹೆಪ್ಪೋ’?

ಪ್ರಶ್ನೆ: ಮನೆಯಲ್ಲಿ ಚಿಪ್ಪು ಅಣಬೆ ಬೆಳೆಯಲು ಹೊರಟವರಿಗೆ ಮಡಿಕೇರಿ ಕಡೆ ಹಂಚಲು ಒಂದು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಅಣಬೆ ಬೆಳೆಯಲು ಹುಲ್ಲಿಗೆ ಬೆರೆಸುವ ‘ಸ್ಪಾನ್’ಗೆ ಎಲ್ಲರೂ ‘ಬೀಜ’ ಅನ್ನುತ್ತಾರೆ. ಅಣಬೆಗೆ ಬೀಜವೇ ಇಲ್ಲವಲ್ಲ? ಮೊದಲು ಕಾಣುವ ಪುಟ್ಟ ಅಣಬೆ, ಅಂದರೆ ‘ಪಿನ್‌ಹೆಡ್’ಗೆ ‘ಮೊಳಕೆ’ ಸರಿಯೇ? ಅಣಬೆಗೆ ಕೊಡವ ತಕ್ಕಿನ (ಕೊಡವ ಭಾಷೆಯ) ‘ಕುಮ್ಮ್’ ಬಳಸಬಹುದೇ? ಬಲ್ಲವರು ತಿಳಿಸಿ.

ಉತ್ತರ: ‘ಬೀಜ’ ತಪ್ಪೇನಲ್ಲ. ಶುಂಠಿ ಗೆಡ್ಡೆಯನ್ನೂ ಬೀಜದ ಶುಂಠಿ ಅನ್ನುತ್ತೇವೆ; ಕೊಳ್ಳಲು ಹೋದಾಗ ಕೇಳುವುದಕ್ಕೆ ಅದೇ ಪದ ಇರಲಿ. ಆದರೆ ಬೀಜ ಎಂದ ಕೂಡಲೇ ಕೆಲವರು ಬಿಸಿಲಿಗೆ ಒಣಹಾಕುತ್ತಾರೆ, ಕೆಲವರು ನೆನೆಸುತ್ತಾರೆ, ಕೆಲವರು ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಎತ್ತಿಡುತ್ತಾರೆ. ಮೂರರಲ್ಲಿ ಯಾವುದು ಮಾಡಿದರೂ ಕೆಟ್ಟಿತು. ಪೊಟ್ಟಣದಲ್ಲಿರುವುದು ಬೇಯಿಸಿದ ಜೋಳ, ಅದರ ಮೈತುಂಬ ಹತ್ತಿಯಂತೆ ಹಬ್ಬಿದ ಅಣಬೆಯ ಜೀವಂತ ಎಳೆ. ಕಾಳು ಆ ಎಳೆಯ ಊಟ, ಅಷ್ಟೇ.

ಆದ್ದರಿಂದ ಕೈಪಿಡಿಯಲ್ಲಿ ಒಮ್ಮೆಯಾದರೂ ‘ಹೆಪ್ಪು’ ಎಂದು ಬರೆಯಿರಿ. ಕುದಿಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದು ಎಂದು ಅಡುಗೆಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬಿಸಿ ಆರದ ಹುಲ್ಲಿಗೆ ಸ್ಪಾನ್ ಬೆರೆಸಿದರೂ ಹಾಗೆಯೇ, ಎಳೆ ಸಾಯುತ್ತದೆ. ಭತ್ತದ ಹುಲ್ಲನ್ನು ಎರಡಿಂಚು ಕತ್ತರಿಸಿ, ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಬಸಿದು, ಪೂರ್ತಿ ತಣಿಸಬೇಕು. ಒಣತೂಕದ ಒಂದು ಕಿಲೋ ಹುಲ್ಲಿಗೆ 100 ಗ್ರಾಂ ಸ್ಪಾನ್. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನ ಸುತ್ತ ಸ್ಪಾನ್, ಮತ್ತೆ ಹುಲ್ಲು. ಬಾಯಿ ಕಟ್ಟಿ ಹತ್ತು ಹನ್ನೆರಡು ಸಣ್ಣ ತೂತು. ಕತ್ತಲಲ್ಲಿ 15–20 ದಿನಕ್ಕೆ ಚೀಲವೆಲ್ಲ ಬೆಳ್ಳಗಾಗುತ್ತದೆ. ಜುಲೈ ಚಳಿಯಲ್ಲಿ ಇನ್ನೂ ತಡ.

ತೇವಾಂಶಕ್ಕೆ ಶೇಕಡಾವಾರು ಲೆಕ್ಕ ಬರೆಯಬೇಡಿ, ‘ಹದ’ ಎನ್ನಿ. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಹನಿ ಬಿದ್ದರೆ ಚೀಲದ ತಳದಲ್ಲಿ ನೀರು ನಿಂತು ಹುಳಿವಾಸನೆ ಬರುತ್ತದೆ. ಹಸಿರು ಬೂಷ್ಟು ಬಂದರೆ ಹೆಚ್ಚಾಗಿ ಹುಲ್ಲಿನದೇ ದೋಷ: ನೀರಿನ ಬಿಸಿ ಸಾಲದೆ ಹೋಗಿರುತ್ತದೆ, ಇಲ್ಲವೇ ಮಳೆಯಲ್ಲಿ ನೆನೆದು ಮುಗ್ಗಿದ ಹುಲ್ಲು. ಆ ಚೀಲವನ್ನು ಕೋಣೆಯಲ್ಲಿ ಬಿಚ್ಚದೆ ಹೊರಗೆ ಒಯ್ದು ಹೂಳುವುದೇ ಸರಿ.

‘ಮೊಳಕೆ’ ಬೇಡ. ಕಾಳು ಮೊಳೆಯುವುದನ್ನೇ ಕಾಯುತ್ತ ಕೂರುತ್ತಾರೆ. ಪ್ಲಾಸ್ಟಿಕ್ ಬಿಡಿಸಿ, ಗಾಳಿ ಬೆಳಕು ಕೊಟ್ಟು, ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿದರೆ ಐದಾರು ದಿನಕ್ಕೆ ಗುಂಡುಸೂಜಿ ತಲೆಯಷ್ಟು ಕಾಣುವುದು ‘ಮೊಗ್ಗು’. ಮೊಗ್ಗು ಎಂದರೆ ಅರಳುವುದಿದೆ, ಅರಳಿ ಅಂಚು ಮೇಲಕ್ಕೆ ಸುರುಳುವ ಮುಂಚೆ ಕೀಳುವುದಿದೆ. ಪದವೇ ಅಷ್ಟು ಹೇಳಿಬಿಡುತ್ತದೆ. ತೊಟ್ಟು ಉದ್ದವಾಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲದು. ಮಳೆಗೆಂದು ಕಿಟಕಿ ಮುಚ್ಚಿದ ಮನೆಗಳಲ್ಲಿ ಇದು ಮಾಮೂಲು.

‘ಕುಮ್ಮ್’ ಒಳ್ಳೆಯ ಪದ, ಮಲಯಾಳದ ‘ಕುಮಿಳ್’ ನೆನಪಿಸುತ್ತದೆ. ಆದರೆ ಕುಮ್ಮ್ ಕರಿ ಎಂದರೆ ಇಲ್ಲಿನವರಿಗೆ ಮೊದಲು ನೆನಪಾಗುವುದು ಮಳೆಗಾಲದ ಕಾಡಣಬೆ. ಶೀರ್ಷಿಕೆ ‘ಚಿಪ್ಪು ಅಣಬೆ’ ಎಂದೇ ಇರಲಿ, ಪಕ್ಕದಲ್ಲಿ ಕುಮ್ಮ್ ಸೇರಿಸಿ.

ನೀವು ಕೇಳದ ಇನ್ನೊಂದು ಪದ, ‘ಫ್ಲಶ್’: ಒಂದೇ ಚೀಲದಲ್ಲಿ ಒಂದು ಸಲಕ್ಕೆ ಬರುವ ಅಣಬೆಯ ಬೆಳೆ. ಅದಕ್ಕೆ ಹೊಸ ಪದ ಕಟ್ಟುವ ಗೊಡವೆಯೇ ಬೇಡ: ವಾರ ಹತ್ತು ದಿನದ ಅಂತರದಲ್ಲಿ ಮೊದಲ ಕೊಯ್ಲು, ಎರಡನೇ ಕೊಯ್ಲು, ಮೂರನೇ ಕೊಯ್ಲು. ಕಾಫಿ ತೋಟದವರಿಗೆ ಅರ್ಥ ಹೇಳಬೇಕಾಗಿಲ್ಲ.