ಮನೆಯಲ್ಲೇ ರಾಯಲ್ ಓಕ್ ತರಹದ ವಾಚ್ ಜೋಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಎಂಟುಮೂಲೆ:
ನಮಸ್ಕಾರ. ಸ್ವಿಸ್ ಕಂಪನಿ ಓಡೆಮಾರ್ ಪಿಗೆಯವರ ರಾಯಲ್ ಓಕ್ ವಾಚ್ ನೋಡಿರ್ತೀರಲ್ವಾ? 1972ರಲ್ಲಿ ಬಂದದ್ದು, ಜೆರಾಲ್ಡ್ ಜೆಂಟಾ ಡಿಸೈನ್ ಮಾಡಿದ್ದು. ಎಂಟು ಮೂಲೆಯ ಬೆಜೆಲ್ (ಗಾಜಿನ ಸುತ್ತಲಿನ ಚೌಕಟ್ಟು), ಅದರ ಮೇಲೆ ಎಂಟು ಸ್ಕ್ರೂ, ಡಯಲ್ ತುಂಬಾ ಪುಟ್ಟ ಪುಟ್ಟ ಚೌಕ. ಕೊಳ್ಳೋ ಮಾತು ಈ ಜನ್ಮಕ್ಕಿಲ್ಲ ಬಿಡಿ. ಆದರೆ ಅದೇ ಧಾಟಿಯ ಒಂದು ವಾಚನ್ನು ನಾನೇ ಕೂತು ಜೋಡಿಸಬೇಕು ಅಂತ ಆಸೆ. ಯಾವ ಮೆಷಿನ್ ಹಾಕಲಿ? ಏನೇನು ಸಾಮಾನು ಬೇಕು? ಇಲ್ಲಿವರೆಗೆ ವಾಚಿನ ಸೆಲ್ ಬದಲಾಯಿಸಿದ್ದು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಸೆಕೆಂಡ್‌ಮುಳ್ಳು:
ಕಣ್ಮುಚ್ಚಿ ಎನ್‌ಎಚ್ 35 ತಗೊಳ್ಳಿ. ಸೈಕೋದವರ ಮೆಷಿನ್, ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುತ್ತದೆ), 24 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲು), ಗಂಟೆಗೆ 21,600 ಬಡಿತ, ಪೂರ್ತಿ ಕೀ ತುಂಬಿದರೆ 41 ಗಂಟೆ ಓಡುತ್ತದೆ. ಇದಕ್ಕೆ ಹೊಂದುವ ಕೇಸು, ಡಯಲ್, ಮುಳ್ಳು ಎಲ್ಲ ಆನ್‌ಲೈನ್‌ನಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ತಾರೀಖು ಬೇಡ ಅಂದ್ರೆ ಎನ್‌ಎಚ್ 38 ತಗೊಳ್ಳಿ. 35 ಹಾಕಿ ಮೇಲೆ ತಾರೀಖಿನ ಕಿಂಡಿ ಇಲ್ಲದ ಡಯಲ್ ಕೂರಿಸಿದರೆ, ಕೀ (ಪಕ್ಕದಲ್ಲಿ ತಿರುಗಿಸೋ ಗುಂಡಿ) ಎಳೆದಾಗ ಏನೂ ಕೆಲಸವಿಲ್ಲದ ಒಂದು ಹಂತ ಸುಮ್ನೆ ಉಳಿದುಬಿಡುತ್ತದೆ.

ಮುಳ್ಳು ಕೊಳ್ಳುವಾಗ ತೂತಿನ ಅಳತೆ ನೋಡಿ. ಗಂಟೆಯದು 1.5, ನಿಮಿಷದ್ದು 0.9, ಸೆಕೆಂಡಿನದು 0.2 ಮಿ.ಮೀ. ಇರಬೇಕು. ಮೊದಲು ಡಯಲ್ ಕೂರಿಸಿ, ಆಮೇಲೆ ಕೀ ಎಳೆದು ಮೆಲ್ಲಗೆ ಮುಂದಕ್ಕೆ ತಿರುಗಿಸುತ್ತಾ ಹೋಗಿ. ತಾರೀಖು ಟಕ್ ಅಂತ ಬದಲಾದ ಕೂಡಲೇ ನಿಲ್ಲಿಸಿ, ಗಂಟೆ ಮುಳ್ಳು ನಿಮಿಷದ ಮುಳ್ಳು ಎರಡನ್ನೂ ಸರಿಯಾಗಿ 12ಕ್ಕೆ ಒತ್ತಿ. ಇಲ್ಲದಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ತಾರೀಖು ಬದಲಾಗುತ್ತದೆ! ಸೆಕೆಂಡ್ ಮುಳ್ಳು ಮಾತ್ರ ತಾಳ್ಮೆ ಪರೀಕ್ಷೆ ಮಾಡುತ್ತದೆ. ಅದರ ಕೊಳವೆ ಎಷ್ಟು ಸಣ್ಣದು ಅಂದ್ರೆ ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಇಲ್ಲದೆ ತೂತು ಕಾಣುವುದೇ ಇಲ್ಲ, ನೇರ ಕೂತಿದೆಯೋ ಇಲ್ಲವೋ ನೋಡದೆ ಒತ್ತಿದರೆ ಮಡಚಿಕೊಂಡುಬಿಡುತ್ತದೆ. ಒಂದು ಜೊತೆ ಮುಳ್ಳು ಜಾಸ್ತಿ ತರಿಸಿ ಇಟ್ಟುಕೊಳ್ಳಿ.

ಕೀಯನ್ನು ಮೆಷಿನ್‌ಗೆ ಜೋಡಿಸುವ ಕಡ್ಡಿ ಉದ್ದವಾಗಿಯೇ ಬರುತ್ತದೆ, ನಿಮ್ಮ ಕೇಸಿಗೆ ತಕ್ಕಂತೆ ಕತ್ತರಿಸಬೇಕು. ಸ್ವಲ್ಪ ಉದ್ದ ಬಿಟ್ಟೇ ಕತ್ತರಿಸಿ, ಉಳಿದದ್ದನ್ನು ಅರದಲ್ಲಿ ಉಜ್ಜಿ ಉಜ್ಜಿ ಹಾಕಿ ನೋಡಿ. ಗಿಡ್ಡ ಆಯ್ತೋ, ಹೊಸ ಕಡ್ಡಿ ತರಬೇಕಾಗುತ್ತದೆ.

ಅರ_ಚಿಮುಟ:
ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ, ಆಮೇಲೆ ಬೇಜಾರಾಗಬಾರದು. ರಾಯಲ್ ಓಕ್ ಕೈ ಮೇಲೆ ಅಷ್ಟು ಚೆಂದ ಕೂರೋದು ಎಂಟು ಮೂಲೆಯಿಂದಲ್ಲ, ತೆಳು ಇರುವುದರಿಂದ. 1972ರ ಮೊದಲ ಮಾಡೆಲ್ 39 ಮಿ.ಮೀ. ಅಗಲ, ಒಳಗಿದ್ದ 2121 ಮೆಷಿನ್ ದಪ್ಪ ಬರೀ 3.05 ಮಿ.ಮೀ. ನಮ್ಮ ಎನ್‌ಎಚ್ 35 ಒಂದೇ 5.32 ಇದೆ. ಅದರ ಮೇಲೆ ಡಯಲ್, ಮುಳ್ಳು, ಗಾಜು, ಕೆಳಗೆ ಮುಚ್ಚಳ. ಎಷ್ಟು ತಿಣುಕಿದರೂ ಆ ನಯ ಬರೋದಿಲ್ಲ, ಬೇಯಿಸಿದ ಇಡ್ಲಿ ಥರ ಉಬ್ಬಿಕೊಂಡೇ ಇರುತ್ತದೆ. ಹಾಗಾಗಿ ಪಕ್ಕಾ ನಕಲು ಮಾಡೋ ಹಟ ಬಿಟ್ಟು, ದಪ್ಪ ಕೇಸಿಗೆ ಒಪ್ಪುವ ಹಾಗೆ ನಿಮ್ಮದೇ ಬಣ್ಣ, ನಿಮ್ಮದೇ ಮುಳ್ಳು ಹಾಕಿ.

ಇನ್ನು ಆ ಎಂಟು ಸ್ಕ್ರೂ. ಅಸಲಿನಲ್ಲಿ ಮೇಲೆ ಕಾಣೋದು ಆರು ಮೂಲೆಯ ತಲೆ. ಬೆಜೆಲ್‌ನಲ್ಲಿ ಅದೇ ಆಕಾರದ ಕುಳಿಯೊಳಗೆ ಕೂತಿರುವುದರಿಂದ ಅದು ತಿರುಗೋದೇ ಇಲ್ಲ, ಬಿಗಿ ಮಾಡೋದೆಲ್ಲ ಹಿಂದಿನಿಂದ. ಅದಕ್ಕೇ ಸ್ಕ್ರೂ ತಲೆಯ ಸೀಳುಗಳೆಲ್ಲ ಅಷ್ಟು ಶಿಸ್ತಾಗಿ ಸಾಲು ಹಿಡಿದಿರೋದು. ಅಗ್ಗದ ಕೇಸುಗಳಲ್ಲಿ ಅವು ಬರೀ ಅಲಂಕಾರ, ಸ್ಕ್ರೂಡ್ರೈವರ್ ಹಾಕಿ ತಿರುಗಿಸೋಕೆ ಹೋಗಬೇಡಿ. ಚೈನ್ ಕೂಡ ಕೇಸಿನ ಜೊತೆಯೇ ತಗೊಳ್ಳಿ, ಮಾಮೂಲಿ ಬೆಲ್ಟ್ ಇದಕ್ಕೆ ಕೂರೋದಿಲ್ಲ.

ಡಯಲ್ ಮೇಲೆ ಅವರ ಹೆಸರು, ಲೋಗೋ ಮಾತ್ರ ಬೇಡವೇ ಬೇಡ. ಅದನ್ನು ಹಾಕಿ ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆ ಪ್ರಕಾರ ಅಪರಾಧ. ಖಾಲಿ ಡಯಲ್ ಸಿಗುತ್ತದೆ, ಅದೇ ಸಾಕು.

ಜಾಲಹಳ್ಳಿಯವ:
ಹೊಸ ಮೆಷಿನ್ ಮುಟ್ಟೋ ಮೊದಲು ಒಂದು ಹಳೇ ಎಚ್‌ಎಂಟಿ ಜನತಾ ತಗೊಂಡು ಕೈ ಪಳಗಿಸಿಕೊಳ್ಳಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದದ್ದು ಎಚ್‌ಎಂಟಿ ವಾಚ್ ಕಾರ್ಖಾನೆ. ಜನತಾದ್ದು ಕೀ ಕೊಡುವ 17 ಜ್ಯುವೆಲ್ ಮೆಷಿನ್, ತಾರೀಖಿನ ರಗಳೆ ಇಲ್ಲ. ಮುಳ್ಳು ತೆಗೆಯೋದು, ಡಯಲ್ ಬಿಚ್ಚೋದು, ಮತ್ತೆ ಕೂರಿಸೋದು, ಇಷ್ಟು ಮಾಡುತ್ತಾ ಇರಿ. ಆನ್‌ಲೈನ್‌ನಲ್ಲಿ ಥಳಥಳ ಹೊಳೆಯುವ ‘ಹೊಸ’ ಜನತಾ ಕಂಡರೆ ಹುಷಾರು, ಎಷ್ಟೋ ಸಲ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ಅಭ್ಯಾಸಕ್ಕಾದರೆ ಅದೂ ನಡೆಯುತ್ತೆ ಅನ್ನಿ.

ಎಂಟುಮೂಲೆ:
ಅಣ್ಣಂದಿರಾ, ತುಂಬಾ ಥ್ಯಾಂಕ್ಸ್. ದಪ್ಪದ ವಿಷಯ ಹೊಳೆದೇ ಇರಲಿಲ್ಲ. ಹಸಿರು ಡಯಲ್, ತಾರೀಖಿಲ್ಲದೆ, ಎನ್‌ಎಚ್ 38 ಅಂತ ತೀರ್ಮಾನ ಮಾಡಿದೆ. ಒಂದೇ ಅನುಮಾನ: ಕೇಸು ಮಾರುವವರು 100 ಮೀಟರ್ ವಾಟರ್‌ಪ್ರೂಫ್ ಅಂತಾರೆ, ನಂಬಬಹುದಾ?

ಸೆಕೆಂಡ್‌ಮುಳ್ಳು:
ನೀವೇ ಜೋಡಿಸಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ. ಗ್ಯಾಸ್ಕೆಟ್‌ಗೆ (ನೀರು ತಡೆಯೋ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ, ಹಿಂದಿನ ಮುಚ್ಚಳ ಹಾಕುವಾಗ ಅದು ಹಿಸುಕಿಕೊಳ್ಳದ ಹಾಗೆ ನೋಡಿ. ಪ್ರೆಶರ್ ಮೆಷಿನ್ ಇರುವ ರಿಪೇರಿಯವರ ಹತ್ತಿರ ಚೆಕ್ ಮಾಡಿಸಿ. ಅಲ್ಲಿವರೆಗೆ ಕೈ ತೊಳೆಯೋಕೆ ಓಕೆ, ಈಜೋಕೆ ಬೇಡ.