ಒಂಬತ್ತು ಜನರ ಅಂಗಡಿಯಲ್ಲಿ ಎಐ ತರಬೇತಿ: ಎಲ್ಲಿಂದ ಶುರು ಮಾಡಬೇಕು?

ಕೇಳಿದ್ದು (ಶಿರಸಿ, ಅಡಿಕೆ–ಮಸಾಲೆ ವ್ಯಾಪಾರ): ಕೆಲಸದವರು ಒಂಬತ್ತು ಜನ. ಯಾಣದ ದಾರಿಯಲ್ಲಿ ಎರಡು ಕೋಣೆಯ ಹೋಂಸ್ಟೇ ಕೂಡ ಇದೆ. ಪತ್ರ, ಲೆಕ್ಕ, ಜಾಹೀರಾತಿಗೆ ಹುಡುಗರು ಚಾಟ್‌ಜಿಪಿಟಿ, ಜೆಮಿನಿ ಬಳಸ್ತಾರೆ. ಮೆಣಸು ಕೊಳ್ಳುವ ಜರ್ಮನಿಯವರು ಸಿಬ್ಬಂದಿಗೆ ಎಐ ತರಬೇತಿ ಆಗಿದೆಯಾ ಎಂದು ಬರಹದಲ್ಲಿ ಕೇಳಿದ್ದಾರೆ. ನಮ್ಮಲ್ಲೂ ಡೇಟಾ ಕಾಯ್ದೆ ಬಂದಿದೆ. ದಾರಿ ಹೇಳಿ.

ಕಾರವಾರದಿಂದ ಒಬ್ಬರ ಉತ್ತರ: ಮೊದಲು ಎರಡು ಕಾನೂನು ಬೇರೆ ಬೇರೆ ಇಡಿ, ಅಕ್ಕಾ. ಯುರೋಪಿನ ಎಐ ಕಾಯ್ದೆಯ 4ನೇ ವಿಧಿ 2025ರ ಫೆಬ್ರವರಿ 2ರಿಂದ ಅನ್ವಯವಾಯಿತು. ಎಐ ತಯಾರಿಸುವವರು ಮತ್ತು ಕೆಲಸಕ್ಕೆ ಬಳಸುವವರು ತಮ್ಮ ಸಿಬ್ಬಂದಿಗೆ ಸಾಕಷ್ಟು ಎಐ ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು ಎಂದು ಅದು ಆಗ ಹೇಳಿತ್ತು. ಬರೀ ಮೆಣಸು ಮಾರಿದ್ದಕ್ಕೆ ನೀವು ಅದರೊಳಗೆ ಬರುವುದಿಲ್ಲ. ಎಐ ಕೊಟ್ಟ ಫಲಿತಾಂಶ ಯುರೋಪಿನಲ್ಲಿ ಬಳಕೆಯಾದರೆ ಮಾತ್ರ ಕಾಯ್ದೆ ತಾಗುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಸರ್ಟಿಫಿಕೇಟ್ ಕಡ್ಡಾಯವಲ್ಲ, ಒಳಗಿನ ದಾಖಲೆ ಸಾಕು. ಮಳೆಗಾಲದ ಅಣಬೆಯಂತೆ ಎದ್ದಿರುವ ಸರ್ಟಿಫಿಕೇಟ್ ಕೋರ್ಸುಗಳಿಗೆ ದುಡ್ಡು ಸುರಿಯಬೇಡಿ.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ ಜಾರಿ. ಎಐ ತರಬೇತಿ ಎಂಬ ಮಾತು ಅದರಲ್ಲಿಲ್ಲ. ಆದರೆ ಡೇಟಾ ಸೋರಿದರೆ ಡೇಟಾ ಸಂರಕ್ಷಣಾ ಮಂಡಳಿಗೂ ಸಂಬಂಧಪಟ್ಟವರಿಗೂ ತಡಮಾಡದೆ ತಿಳಿಸಬೇಕು, ಮಂಡಳಿಗೆ ಪೂರ್ತಿ ವಿವರ 72 ಗಂಟೆಯೊಳಗೆ. ಆಗಿದ್ದು ಸೋರಿಕೆ ಅಂತ ಹುಡುಗನಿಗೇ ಗೊತ್ತಾಗದಿದ್ದರೆ ಆ 72 ಗಂಟೆ ಯಾರು ಎಣಿಸುತ್ತಾರೆ? ರಕ್ಷಣಾ ಕ್ರಮದಲ್ಲಿ ತಪ್ಪಿದರೆ ದಂಡ ಗರಿಷ್ಠ 250 ಕೋಟಿವರೆಗೆ.

ಕುಮಟಾದಿಂದ: ಪಾಠಕ್ಕಿಂತ ಮೊದಲು ಪಟ್ಟಿ. ಯಾರು, ಯಾವ ಆ್ಯಪ್, ಯಾರ ಫೋನು, ಯಾವ ಕೆಲಸಕ್ಕೆ, ಒಳಗೆ ಏನು ಹಾಕುತ್ತಾರೆ: ಐದೇ ಕಾಲಮ್ಮು. ಬೈದರೆ ಪಟ್ಟಿ ಸುಳ್ಳಾಗುತ್ತದೆ. ನಿಷೇಧ ಹಾಕಿದರಂತೂ ಎಲ್ಲರೂ ಸ್ವಂತ ಫೋನಿನಲ್ಲಿ ಕದ್ದು ಬಳಸುತ್ತಾರೆ. ಎಲ್ಲರಿಗೂ ಒಂದೇ ಲಾಗಿನ್ ಕೊಡುವುದೂ ತಪ್ಪು, ಯಾರು ಏನು ಹಾಕಿದರೆಂದು ಆಮೇಲೆ ಹುಡುಕಲಾಗದು. ಎಐ ಖಾತೆ ಸ್ವಂತ ಜಿಮೇಲಿನಲ್ಲಿದ್ದರೆ ಕೆಲಸ ಬಿಟ್ಟವನ ಜೊತೆ ನಿಮ್ಮ ವ್ಯವಹಾರವೂ ಹೋಗುತ್ತದೆ.

ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್, ಡೇಟಾ ಕಂಟ್ರೋಲ್ಸ್, ಅಲ್ಲಿ 'ಇಂಪ್ರೂವ್ ದಿ ಮಾಡೆಲ್ ಫಾರ್ ಎವರಿವನ್' ಆಫ್ ಮಾಡಿ. ಪ್ರತಿ ಖಾತೆಯಲ್ಲೂ ಮಾಡಬೇಕು. ಇದರಿಂದ ನೀವು ಹಾಕಿದ್ದನ್ನು ಎಐ ಮಾದರಿಗೆ ಕಲಿಸಲು ಬಳಸುವುದು ನಿಲ್ಲುತ್ತದೆಯೇ ಹೊರತು ಹಾಕಿದ್ದು ಅವರ ಸರ್ವರಿಗೆ ಹೋಗುವುದು ನಿಲ್ಲುವುದಿಲ್ಲ. ಈ ವ್ಯತ್ಯಾಸವೇ ಮೊದಲ ಪಾಠ.

ಗೋಕರ್ಣದಿಂದ: ಹೋಂಸ್ಟೇ ಕಡೆ ಅಪಾಯ ಹೆಚ್ಚು ಮಾರಾಯ್ರೆ. ಪಾಸ್‌ಪೋರ್ಟಿನ ಫೋಟೋ ಹಾಕಿ 'ವಿವರ ಟೈಪ್ ಮಾಡಿಕೊಡು' ಅನ್ನುವುದು ಸುಲಭ, ಅದಕ್ಕೇ ಮಾಡುತ್ತಾರೆ. ಬರೀ ಕಾಗದದ ರಿಜಿಸ್ಟರಿಗೆ ಡೇಟಾ ಕಾಯ್ದೆ ತಾಗುವುದಿಲ್ಲ. ಫೋಟೋ ಹೊಡೆದ ಕ್ಷಣ ತಾಗುತ್ತದೆ. ಪಾಸ್‌ಪೋರ್ಟ್, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಫೋನ್ ನಂಬರ್ ಎಐಗೆ ಹಾಕುವಂತಿಲ್ಲ ಅಂತ ಕನ್ನಡದಲ್ಲಿ ಬರೆದು ಕೌಂಟರಿನ ಒಳಬದಿ ಅಂಟಿಸಿ. ಅತಿಥಿಗೆ ಕೊಡುವ ಡೇಟಾ ಸೂಚನೆಯನ್ನೂ ಕನ್ನಡದಲ್ಲಿ ಕೊಡಲು ಅವಕಾಶವಿದೆ.

ಸಿದ್ದಾಪುರದಿಂದ: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಹೆಸರು ತೆಗೆದರೆ ಸಾಲದು. 'ಬನವಾಸಿ ಕಡೆ 80 ಕ್ವಿಂಟಲ್ ರಾಶಿ ಅಡಿಕೆ ಕೊಟ್ಟವರು' ಅಂದರೆ ಮಂಡಿಗೆಲ್ಲ ಗೊತ್ತು ಯಾರೆಂದು. ಊರನ್ನೂ ಪ್ರಮಾಣವನ್ನೂ ಬದಲಿಸಿ ಹಾಕುವುದನ್ನು ಕೈಯಾರೆ ಮಾಡಿಸಿ.

ಅಭ್ಯಾಸ ನಿಮ್ಮ ಮಾಲಿನ ಮೇಲೇ ಇರಲಿ. 'ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು' ಎಂಬ ಅಡಿಕೆ ಬಗೆಗಳಿರುವ ದರಪತ್ರವನ್ನು ಇಂಗ್ಲಿಷಿಗೆ ಮಾಡಿಸಿ. ರಾಶಿ ಅಂದರೆ ಗುಡ್ಡೆ ಅಂತಲೋ ಜಾತಕದ ರಾಶಿ ಅಂತಲೋ ಬರಬಹುದು. ಬೇಯಿಸಿ ಒಣಗಿಸಿದ ಕೆಂಪಡಿಕೆ ರಾಶಿ, ಹಣ್ಣಡಿಕೆ ಒಣಗಿಸಿ ಸುಲಿದದ್ದು ಚಾಲಿ: ಹೀಗೆ 25 ಪದದ ಅರ್ಥಪಟ್ಟಿ ಮಾಡಿ, ಪ್ರತಿ ಸಲ ಪ್ರಶ್ನೆಯ ಮೊದಲು ಅದನ್ನು ಅಂಟಿಸಲು ಕಲಿಸಿ.

ಎರಡನೆಯದು ಲೆಕ್ಕ. ಚಾಲಿ 7 ಚೀಲ, ನಿವ್ವಳ ತಲಾ 65 ಕಿಲೋ, ಕ್ವಿಂಟಲಿಗೆ 40,000 ಎಂದು ಇಟ್ಟುಕೊಳ್ಳಿ. 455 ಕಿಲೋ, 1,82,000 ರೂಪಾಯಿ, ಶೇ 5 ಜಿಎಸ್‌ಟಿ 9,100, ಒಟ್ಟು 1,91,100. ಎಐ ಉತ್ತರವನ್ನು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಲಿ. ಇನ್ನೊಮ್ಮೆ ಚೀಲ ಸಮೇತ ಒಟ್ಟು ತೂಕ ಮಾತ್ರ ಕೊಡಿ. ಖಾಲಿ ಚೀಲದ ತೂಕ ಕಳೆಯಲು ಹೇಳದಿದ್ದರೆ ಅದು ಕಳೆಯದೆ, ಅಷ್ಟೇ ಧೈರ್ಯವಾಗಿ ತಪ್ಪು ಮೊತ್ತ ಕೊಡಬಹುದು. ಆ ಧೈರ್ಯಕ್ಕೆ ಮರುಳಾಗದಿರುವುದನ್ನೇ ಕಲಿಸಬೇಕಾದದ್ದು.

ವಾರಕ್ಕೆ ಅರ್ಧ ಗಂಟೆ, ಆರು ವಾರ, ಮಳೆಗಾಲದಲ್ಲಿ. ಕೊಯ್ಲಿನ ಹೊತ್ತಿಗೆ ಇಟ್ಟರೆ ಯಾರೂ ಕೂರುವುದಿಲ್ಲ.

ಕಾರವಾರದಿಂದ: ಜರ್ಮನಿಗೆ ಕಳಿಸಲು ತರಬೇತಿಯ ರಿಜಿಸ್ಟರ್ ಹೀಗಿರಲಿ: ದಿನಾಂಕ, ಹೆಸರು, ಆ ದಿನದ ವಿಷಯ, ಮಾಡಿದ ಅಭ್ಯಾಸ, ಕಂಡುಹಿಡಿದ ತಪ್ಪು, ಸಹಿ. 'ಕಂಡುಹಿಡಿದ ತಪ್ಪು' ಕಾಲಮ್ ಖಾಲಿಯಿದ್ದರೆ ತರಬೇತಿ ಕಾಗದದ ಮೇಲಷ್ಟೇ ಆಗಿದೆ ಅಂತ ಓದಿದವರಿಗೆ ಗೊತ್ತಾಗುತ್ತದೆ. ಪಟ್ಟಿ, ರಿಜಿಸ್ಟರಿನ ಪ್ರತಿ, ಎರಡು ಪುಟದ ಪತ್ರ ಸಾಕು. ಪತ್ರವನ್ನು ಎಐಯಿಂದ ಬರೆಸಿದರೆ ನೀವು ಎಂದೂ ಹೇಳದ 'ನಾವು ಕಾಯ್ದೆಗೆ ಸಂಪೂರ್ಣ ಬದ್ಧ' ಎಂಬ ಸಾಲನ್ನು ಅದು ತಾನೇ ಸೇರಿಸಿರಬಹುದು, ನೋಡಿ ತೆಗೆಯಿರಿ.

ಕುಮಟಾದಿಂದ: ದುಡ್ಡು ಕೊಟ್ಟು ಬಿಸಿನೆಸ್ ಖಾತೆ ಒಂಬತ್ತು ಜನಕ್ಕೂ ಬೇಡ. ಗ್ರಾಹಕರ ವಿವರ ಮುಟ್ಟುವ ಇಬ್ಬರಿಗೋ ಮೂವರಿಗೋ ತೆಗೆಯಿರಿ.

ಕೇಳಿದವರು: ಗೋದಾಮಿನ ಇಬ್ಬರಿಗೆ ಬರವಣಿಗೆ ಅಷ್ಟಕ್ಕಷ್ಟೆ. ಮಾತಾಡಿ ಹಾಕ್ತಾರೆ.

ಸಿದ್ದಾಪುರದಿಂದ: ಹಾಗಾದರೆ ಅಂಕಿ ಮಾತ್ರ ಬಾಯಲ್ಲಿ ಹೇಳಿಸಬೇಡಿ, ಒತ್ತಿಸಿ. ಗಿರಣಿಯ ಸದ್ದಿಗೆ ಅರವತ್ತು ಎಪ್ಪತ್ತಾಗಿ ಬೀಳುತ್ತದೆ, ಸ್ಕ್ರೀನ್ ಓದದವರಿಗೆ ಅದು ಕಾಣುವುದೇ ಇಲ್ಲ. ಅವರ ಉತ್ತರವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ, ತೂಕದ ಚೀಟಿಗೆ ಹೋಲಿಸಿದ ಮೇಲೇ ಬಿಲ್ಲಿಗೆ ಹೋಗಲಿ.