ಮಳೆ ಹಿಡಿದ ಮೇಲೆ ಕಂಪ್ಯೂಟರ್ ಆನ್ ಆಗ್ತಿಲ್ಲ (ಮೂಡಿಗೆರೆ ಕಡೆ)

ತೋಟದಮನೆ:
ಅಸೆಂಬಲ್ಡ್ ಡೆಸ್ಕ್‌ಟಾಪ್, 4 ಜಿಬಿಯ ಎರಡು ರ‍್ಯಾಮ್, 450 ವಾಟ್ ಎಸ್ಎಂಪಿಎಸ್ (ಒಳಗೆ ಕರೆಂಟ್ ಕೊಡೋ ಡಬ್ಬ). ಬಟನ್ ಒತ್ತಿದರೆ ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಲ್ಲುತ್ತೆ, ತಾನಾಗೇ ಮತ್ತೆ ಶುರುವಾಗುತ್ತೆ, ಮತ್ತೆ ನಿಲ್ಲುತ್ತೆ. ಡಿಸ್‌ಪ್ಲೇ ಇಲ್ಲ, ಬೀಪ್ ಇಲ್ಲ. ಹತ್ತು ಸಲಕ್ಕೆ ಒಂದು ಸಲ ಆನ್ ಆದರೆ ತಾರೀಕು ಎಷ್ಟೋ ವರ್ಷ ಹಿಂದಿನದು. ರಿಪೇರಿಯವರು ನೋಡದೇ ಮದರ್‌ಬೋರ್ಡ್ ಹೋಗಿದೆ ಅಂತಾರೆ.

ಟಕ್_ಟಕ್:
ತಾರೀಕು ತಪ್ಪೋದು ಮದರ್‌ಬೋರ್ಡ್ ಮೇಲಿರೋ ನಾಣ್ಯದಂಥ ಸಿಆರ್2032 ಸೆಲ್‌ನಿಂದ. ಹೊಸದು 3 ವೋಲ್ಟ್ ಮೇಲಿರುತ್ತೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಆದರೆ ಈ ಆನ್-ಆಫ್ ಆಟಕ್ಕೆ ನನ್ನ ಅನುಮಾನ ರ‍್ಯಾಮ್ ಮೇಲೆ. ಥಂಡಿಗೆ ಪಿನ್ ಮೇಲೆ ತೆಳು ಪದರ ಕಟ್ಟುತ್ತೆ, ಕಾಂಟ್ಯಾಕ್ಟ್ ಸಿಗಲ್ಲ.

ಪವರ್ ಕಾರ್ಡ್ ಕಿತ್ತು, ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಎರಡೂ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಪುಡಿ ಸ್ಲಾಟ್‌ಗೆ ಬೀಳದ ಹಾಗೆ ಬೋರ್ಡ್‌ನಿಂದ ದೂರ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಬಾಯಿಂದ ಊದಬೇಡಿ ಮಾರಾಯ್ರೆ, ಎಂಜಲು ಹಾರುತ್ತೆ. ಒಂದೇ ರ‍್ಯಾಮ್ ಹಾಕಿ. ಲಾಕ್ ಟಕ್ ಅನ್ನಬೇಕು. ಆಗಲಿಲ್ಲವಾ, ಸ್ಲಾಟ್ ಬದಲಿಸಿ, ಆಮೇಲೆ ಇನ್ನೊಂದು ರ‍್ಯಾಮ್.

ವೋಲ್ಟ್‌ಮೀಟರ್:
ಬೀಪ್ ಇಲ್ಲ ಅಂದ್ರೆ ಕ್ಯಾಬಿನೆಟ್‌ನಲ್ಲಿ ಸ್ಪೀಕರ್ರೇ ಇಲ್ಲದಿರಬಹುದು. ಚಿಕ್ಕ ಸ್ಪೀಕರ್ ಸಿಗುತ್ತೆ, ಸಿಕ್ಕಿಸಿ. ರ‍್ಯಾಮ್ ಒಂದೂ ಇಲ್ಲದೆ ಆನ್ ಮಾಡಿದಾಗ ಬೀಪ್ ಬಂದರೆ ಬೋರ್ಡೂ ಪ್ರೊಸೆಸರ್ರೂ ಬದುಕಿವೆ.

ಎಸ್ಎಂಪಿಎಸ್‌ನ ಹಳದಿ ವೈರ್ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಖಾಲಿ ಇದ್ದಾಗ ಸರಿ ತೋರಿಸಿ ಲೋಡ್ ಬಿದ್ದಾಗ ಕುಸಿಯೋದೂ ಉಂಟು, ಹಾಗಾಗಿ ಆನ್ ಮಾಡುವಾಗಲೇ ಅಳೆಯಿರಿ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್ ಸಡಿಲ ಇದೆಯಾ, ಅಲ್ಲಿನ ಕೆಪಾಸಿಟರ್ (ಚಿಕ್ಕ ಡಬ್ಬಿಯಂಥದ್ದು) ತಲೆ ಉಬ್ಬಿದೆಯಾ ನೋಡಿ. ಎಸ್ಎಂಪಿಎಸ್ ಡಬ್ಬ ಮಾತ್ರ ಬಿಚ್ಚಬೇಡಿ. ಕಾರ್ಡ್ ಕಿತ್ತ ಮೇಲೂ ಒಳಗೆ 300 ವೋಲ್ಟ್ ಉಳಿದಿರಬಹುದು.

ತೋಟದಮನೆ:
ಉಜ್ಜಿದ ಮೇಲೆ ಒಂದು ರ‍್ಯಾಮ್ ಎರಡೂ ಸ್ಲಾಟಲ್ಲಿ ಓಡ್ತಿದೆ. ಇನ್ನೊಂದು ಯಾವುದರಲ್ಲೂ ಅದೇ ಆಟ. ಸೆಲ್ 2.1, ನಾಳೆ ತರ್ತೀನಿ.

ಟಕ್_ಟಕ್:
ಸರಿ, ಕೆಟ್ಟಿದ್ದು ಆ ಒಂದು ರ‍್ಯಾಮ್, ಬೋರ್ಡ್ ಅಲ್ಲ. ಚೆನ್ನಾಗಿರೋದನ್ನೂ ಮೆಮೊರಿ ಪರೀಕ್ಷಿಸೋ ಸಾಫ್ಟ್‌ವೇರ್ ಮೆಮ್‌ಟೆಸ್ಟ್86ರಲ್ಲಿ ಒಂದು ರಾತ್ರಿ ಓಡಿಸಿ. ಸೆಲ್ ಹಾಕಿದ ಮೇಲೆ ಬಯಾಸ್ (ಬೋರ್ಡ್‌ನ ಸೆಟ್ಟಿಂಗ್) ಡೀಫಾಲ್ಟ್‌ಗೆ ಹೋಗಿರುತ್ತೆ. ವಿಂಡೋಸ್ ನೀಲಿ ಸ್ಕ್ರೀನ್ ಕೊಟ್ಟರೆ ಗಾಬರಿ ಬೇಡ, ಬಯಾಸ್‌ನಲ್ಲಿ ಸಾಟಾ ಮೋಡ್ (ಹಾರ್ಡ್‌ಡಿಸ್ಕ್ ಓದೋ ರೀತಿ) ಮೊದಲಿದ್ದದ್ದೇ, ಅಂದ್ರೆ ಸಾಮಾನ್ಯವಾಗಿ ಎಎಚ್‌ಸಿಐ, ಇದೆಯಾ ನೋಡಿ.